ಯಾರ ಉಸಿರು, ಯಾರ ಹೆಸರು

ಸ್ವೀಡನ್ನಿನ ದಕ್ಷಿಣಕ್ಕೆ ಸ್ಮೋಲಂಡ್ ಅನ್ನುವ ಸೀಮೆ ಇದೆ. ಅಲ್ಲಿ ಕಾರಿನಲ್ಲಿ ಹೋಗುತ್ತಿದ್ದರೆ ಎಷ್ಟು ಹೊತ್ತಾದರೂ ಕಾಡೇ ಮುಗಿಯುವುದಿಲ್ಲ. ಪೈನ್, ಸ್ಪ್ರೂಸ್, ನಡುನಡುವೆ ಬಿಳಿ ತೊಗಟೆಯ ಬರ್ಚ್. ಒಂದು ಕೆರೆ ದಾಟಿದರೆ ಇನ್ನೊಂದು ಕೆರೆ. ಹೊಲಗಳು ಸಣ್ಣವು. ಅವುಗಳ ಸುತ್ತ ಉಂಡೆಗಲ್ಲು ಪೇರಿಸಿದ ಗೋಡೆ. ಆ ಕಲ್ಲೆಲ್ಲ ಅದೇ ಹೊಲದಿಂದ ಆರಿಸಿ ತೆಗೆದದ್ದು. ಇಂಥ ಕಾಡಿನ ಮಧ್ಯೆ ಇದ್ದಕ್ಕಿದ್ದಂತೆ ಒಂದು ಎತ್ತರದ ಚಿಮಣಿ ಕಾಣುತ್ತದೆ, ಅದರ ಬುಡದಲ್ಲಿ ಗಾಜಿನ ಕಾರ್ಖಾನೆ. ಸ್ವಲ್ಪ ದೂರ ಹೋದರೆ ಇನ್ನೊಂದು. ಕೋಸ್ತಾ, ಬೂಡಾ, ಒರ್ರೆಫೋರ್ಸ್, ಮೋಲೆರೋಸ್, ಬೆರ್ಗ್‌ಡಾಲಾ, ಸ್ಕ್ರೂಫ್. ಊರು ಅಂದರೆ ಒಂದು ಕಾರ್ಖಾನೆ, ಅದರ ಸುತ್ತ ಕೆಲವು ಬೀದಿ, ಅಷ್ಟೇ.

ಪೇಟೆ ಬಿಟ್ಟು ಕಾಡಿನಲ್ಲಿ ಕಾರ್ಖಾನೆ ಯಾಕೆ ಕಟ್ಟಿದರು? ಮುಖ್ಯವಾಗಿ ಸೌದೆಗಾಗಿ. ಗಾಜಿನ ಕುಲುಮೆ ಹಗಲೂ ರಾತ್ರಿ ಉರಿಯಬೇಕು. ಸೌದೆಯನ್ನು ಪೇಟೆಗೆ ಸಾಗಿಸುವುದಕ್ಕಿಂತ ಗಾಜನ್ನು ಪೇಟೆಗೆ ಸಾಗಿಸುವುದೇ ಅಗ್ಗವಾಗಿತ್ತು. ಇನ್ನೊಂದು ಕಾರಣವೂ ಇದೆ. ಇಲ್ಲಿನ ಕೆರೆಗಳ ತಳದಲ್ಲಿ ಕಬ್ಬಿಣದ ಅದಿರು ಸಿಗುತ್ತಿತ್ತು. ಅದನ್ನು ನಂಬಿ ಹುಟ್ಟಿದ ಸಣ್ಣ ಕಬ್ಬಿಣದ ಕಾರ್ಖಾನೆಗಳು 19ನೇ ಶತಮಾನದಲ್ಲಿ ದೊಡ್ಡವುಗಳ ಮುಂದೆ ನಿಲ್ಲಲಾರದೆ ಹೋದವು. ಕಾಡು ಹಾಗೇ ಇತ್ತು, ಬೆಂಕಿಯ ಕೆಲಸ ಗೊತ್ತಿದ್ದ ಜನರೂ ಇದ್ದರು. ಅಂಥ ಕಡೆ ಗಾಜು ಬಂತು. ಒರ್ರೆಫೋರ್ಸ್‌ನಲ್ಲಿ 1726ರಿಂದ ಕಬ್ಬಿಣದ ಕೆಲಸ ನಡೆಯುತ್ತಿತ್ತು, ಗಾಜು ಶುರುವಾದದ್ದು 1898ರಲ್ಲಿ.

ಇವುಗಳಲ್ಲೆಲ್ಲ ಹಳೆಯದು ಕೋಸ್ತಾ. 1742ರಲ್ಲಿ ಇಬ್ಬರು ಪ್ರಾಂತಾಧಿಕಾರಿಗಳು ಸೇರಿ ಕಟ್ಟಿಸಿದ್ದು: ಆಂಡೆರ್ಸ್ ಕೊಸ್ಕುಲ್ ಮತ್ತು ಗೆಯೋರ್ಗ್ ಬೋಗಿಸ್ಲಾಸ್ ಸ್ಟಾಲ್ ಫಾನ್ ಹೋಲ್‌ಸ್ಟೈನ್. ಇಬ್ಬರೂ ಹನ್ನೆರಡನೇ ಚಾರ್ಲ್ಸ್ ರಾಜನ ಸೈನ್ಯದಲ್ಲಿದ್ದವರು. ಇಬ್ಬರ ಮನೆತನದ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಊರಿಗೇ ಹೆಸರಿಟ್ಟರು. ಆದರೆ ಅವರಿಬ್ಬರಿಗೂ ಗಾಜು ಊದಲು ಬರುತ್ತಿರಲಿಲ್ಲ. ಊದುವವರನ್ನು ಬೊಹೀಮಿಯಾದಿಂದ, ಅಂದರೆ ಈಗಿನ ಚೆಕ್ ದೇಶದ ಕಡೆಯಿಂದ ಕರೆಸಿಕೊಂಡರು. ಸ್ವೀಡನ್ನಿನ ಹುಡುಗರು ಅವರ ಪಕ್ಕದಲ್ಲಿ ನಿಂತು ನಿಂತು ಕಲಿತರು. ಹೆಣ್ಣು ಕೊಟ್ಟು ತಂದು ಸಂಬಂಧವೂ ಬೆಳೆಯಿತು. ಆ ಪರದೇಶಿಗಳ ಕೈಚಳಕ ಊರಿನಲ್ಲಿ ಉಳಿಯಿತು. ಊರಿನ ಹೆಸರಲ್ಲಿ ಮಾತ್ರ ಅವರು ಎಲ್ಲೂ ಇಲ್ಲ.

ಈ ಪ್ರವಾಸದ ಉದ್ದಕ್ಕೂ ನನ್ನ ತಲೆಯಲ್ಲಿ ಕೂತಿದ್ದು ಇದೇ ವಿಷಯ. ಒಂದು ವಸ್ತುವಿನ ಮೇಲೆ ಯಾರ ಹೆಸರಿರುತ್ತದೆ, ಅದರೊಳಗೆ ಯಾರ ಉಸಿರಿರುತ್ತದೆ ಅನ್ನುವುದು. ಗಾಜಿನ ಮಟ್ಟಿಗೆ ಇದು ಅಲಂಕಾರದ ಮಾತಲ್ಲ. ಊದಿದ ಗಾಜಿನ ಒಡಲು ನಿಜವಾಗಿಯೂ ಒಬ್ಬ ಮನುಷ್ಯ ಬಿಟ್ಟ ಉಸಿರಿನ ಆಕಾರ.

ನನ್ನ ತಂಗಿ ಮತ್ತು ಅವಳ ಗಂಡ ಗೋಥೆನ್‌ಬರ್ಗ್‌ನಲ್ಲಿದ್ದಾರೆ. ಅವರ ಜೊತೆ ಬೇಸಿಗೆಯಲ್ಲಿ ಹೊರಟಿದ್ದೆ. ಕೋಸ್ತಾದಲ್ಲಿ ಕಾರ್ಖಾನೆಯ ಒಳಗೇ ನಿಂತು ಕೆಲಸ ನೋಡಬಹುದು. ಕಟಕಟೆಯ ಈಚೆ ನಾವು, ಆಚೆ ಕುಲುಮೆ. ಮರಳು, ಸೋಡಾ, ಪೊಟ್ಯಾಷ್, ಸುಣ್ಣ ಬೆರೆಸಿ 1400 ಡಿಗ್ರಿಗೂ ಮೇಲೆ ಕಾಯಿಸಿ ರಾತ್ರಿಯೆಲ್ಲ ಕರಗಿಸಿರುತ್ತಾರೆ. ಬೆಳಿಗ್ಗೆ ಶಾಖವನ್ನು ಒಂದಿಷ್ಟು ಇಳಿಸಿ ಕೆಲಸ ಶುರು.

ನಾನು ಗಾಜು ಊದುವುದು ಅಂದರೆ ಒಬ್ಬ ಮನುಷ್ಯ, ಒಂದು ಊದುಗೊಳವೆ ಅಂತಲೇ ಅಂದುಕೊಂಡಿದ್ದೆ. ಅದು ಗುಂಪಿನ ಕೆಲಸ. ಕಾಲಿರುವ ಒಂದು ಲೋಟ ಆಗಬೇಕಾದರೆ ಮೂರು ನಾಲ್ಕು ಜನ ಬೇಕು. ಒಬ್ಬ ಕೊಳವೆಯ ತುದಿಯನ್ನು ಕರಗಿದ ಗಾಜಿಗೆ ಅದ್ದಿ, ತಿರುಗಿಸುತ್ತಾ ಎತ್ತುತ್ತಾನೆ. ಆ ತಿರುಗಿಸುವುದು ಮಾತ್ರ ನಿಲ್ಲುವ ಹಾಗೇ ಇಲ್ಲ. ಒಂದು ಕ್ಷಣ ಕೈ ನಿಂತರೆ ಗಾಜು ಒಂದು ಕಡೆಗೆ ಜೋಲುತ್ತದೆ. ಕಬ್ಬಿಣದ ಹಲಗೆಯ ಮೇಲೆ ಅದನ್ನು ಉರುಳಿಸಿ, ಒಂದು ಸಣ್ಣ ಉಸಿರು ಬಿಟ್ಟು ಇನ್ನೊಬ್ಬನ ಕೈಗೆ ಕೊಡುತ್ತಾನೆ. ಅವನು ಅದನ್ನು ನೀರಲ್ಲಿ ನೆನೆಸಿದ ಮರದ ಅಚ್ಚಿನೊಳಗೆ ಇಳಿಸಿ ಊದುತ್ತಾನೆ. ಭುಸ್ಸೆಂದು ಆವಿ ಏಳುತ್ತದೆ. ಆ ಆವಿಯೇ ಮರಕ್ಕೂ ಗಾಜಿಗೂ ನಡುವಿನ ತೆಳುವಾದ ಪರದೆ. ಅದಿಲ್ಲದಿದ್ದರೆ ಮರ ಸುಟ್ಟು ಗಾಜಿಗೆ ಗುರುತು ಬೀಳುತ್ತದೆ. ಆಮೇಲೆ ಲೋಟದ ಕಾಲು. ಮತ್ತೊಬ್ಬಳು ಕೆಂಡದಂಥ ಗಾಜಿನ ತುಣುಕನ್ನು ತಂದು ಸರಿಯಾಗಿ ತಳದ ನಡುವಿಗೆ ಇಳಿಬಿಡುತ್ತಾಳೆ. ಕೂತಿರುವ ಮೇಸ್ತ್ರಿ ಅದನ್ನು ಕತ್ತರಿಯಿಂದ ತುಂಡರಿಸಿ, ಇಕ್ಕಳದಿಂದ ಹಿಡಿದು ಎಳೆಯುತ್ತಾನೆ. ಆಮೇಲೆ ಪಾದ. ಅದಕ್ಕೆ ಇನ್ನೊಂದು ತುಣುಕು.

ಇದೆಲ್ಲ ನಡೆಯುವಾಗ ಅವರು ಮಾತೇ ಆಡುವುದಿಲ್ಲ. ಮೇಸ್ತ್ರಿ ತಲೆ ಎತ್ತುವ ಮೊದಲೇ ಬೇಕಾದ ತುಣುಕು ಅವನ ಮುಂದೆ ಇರುತ್ತದೆ. ನಾನು ಗಾಜಿಗಿಂತ ಜಾಸ್ತಿ ಅವರ ಹೆಜ್ಜೆಗಳನ್ನೇ ನೋಡುತ್ತಾ ನಿಂತುಬಿಟ್ಟೆ. ಕಾದ ಕೊಳವೆ ಹಿಡಿದವರು ಅಷ್ಟು ಇಕ್ಕಟ್ಟಿನಲ್ಲಿ ಓಡಾಡಿದರೂ ಯಾರ ಮೈಗೂ ಯಾರೂ ತಗಲುವುದಿಲ್ಲ. ಎಷ್ಟೋ ವರ್ಷ ಒಟ್ಟಿಗೆ ದುಡಿದ ಮೈಗಳಿಗೆ ಮಾತ್ರ ಬರುವ ತಿಳಿವಳಿಕೆ ಅದು. ಬರೆದಿಡಲು ಆಗದ್ದು. ಲೋಟ ಆದ ಮೇಲೆ ಹಾಗೇ ಹೊರಗಿಡುವಂತಿಲ್ಲ. ಹೊರಮೈ ಬೇಗ ತಣ್ಣಗಾಗಿ ಒಳಮೈ ಬಿಸಿಯಾಗಿಯೇ ಉಳಿದರೆ ಬಿರುಕು ಬಿಡುತ್ತದೆ. ಅದಕ್ಕೇ ಸುಮಾರು 500 ಡಿಗ್ರಿಯ ಇನ್ನೊಂದು ಒಲೆಯಲ್ಲಿಟ್ಟು, ಶಾಖವನ್ನು ನಿಧಾನವಾಗಿ ಇಳಿಸುತ್ತಾ ಹೋಗುತ್ತಾರೆ. ದಪ್ಪ ಗಾಜಾದರೆ ಇದಕ್ಕೇ ದಿನಗಟ್ಟಲೆ ಬೇಕು.

ಒರ್ರೆಫೋರ್ಸ್‌ನ ಕಥೆಯಲ್ಲಿ ಈ ಹೆಸರು ಮತ್ತು ಉಸಿರಿನ ಸಂಗತಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಗೆ 1916ರಲ್ಲಿ ಸೀಮೋನ್ ಗಾಟೆ, ಮರುವರ್ಷ ಎಡ್ವರ್ಡ್ ಹಾಲ್ಡ್ ಬಂದರು. ಇಬ್ಬರೂ ಚಿತ್ರ ಕಲಿತವರು, ಗಾಜಿನ ಕೆಲಸ ಗೊತ್ತಿರಲಿಲ್ಲ. ಗಾಟೆಯ ಜೊತೆಗೆ ನಿಂತವನು ಕ್ನೂಟ್ ಬೆರ್ಗ್‌ಕ್ವಿಸ್ಟ್ ಅನ್ನುವ ಊದುವ ಮೇಸ್ತ್ರಿ. ಇವರ ಕೈಯಲ್ಲಿ ‘ಗ್ರಾಲ್’ ಅನ್ನುವ ಹೊಸ ಬಗೆ ಹುಟ್ಟಿತು. ಮೊದಲು ಒಂದರ ಮೇಲೊಂದು ಬಣ್ಣದ ಪದರವಿರುವ ಸಣ್ಣ ದಪ್ಪ ಗಾಜಿನ ಬುಡ್ಡಿ ಮಾಡುತ್ತಾರೆ. ಅದನ್ನು ತಣ್ಣಗೆ ಮಾಡಿ ಮೇಲಿನ ಬಣ್ಣವನ್ನು ಕೊರೆದು ಚಿತ್ರ ಬಿಡಿಸುತ್ತಾರೆ. ಮತ್ತೆ ನಿಧಾನವಾಗಿ ಕಾಯಿಸಿ, ಮೇಲೆ ತಿಳಿಗಾಜಿನ ಹೊದಿಕೆ ಕೊಟ್ಟು ಊದುತ್ತಾರೆ. ಒಳಗಿನ ಚಿತ್ರ ಊದಿದ ಹಾಗೆಲ್ಲ ಹಿಗ್ಗುತ್ತದೆ, ಗೆರೆಗಳು ಮೆತ್ತಗಾಗಿ ಹರಿದಂತೆ ಕಾಣುತ್ತವೆ. ಅಂದರೆ ಚಿತ್ರದ ಕೊನೆಯ ಗೆರೆ ಎಳೆಯುವುದು ಊದುವವನ ಉಸಿರು. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಒರ್ರೆಫೋರ್ಸ್ ಗಾಜಿಗೆ ದೊಡ್ಡ ಬಹುಮಾನ ಬಂತು. ಲೋಕಕ್ಕೆ ಗೊತ್ತಾದದ್ದು ಗಾಟೆ ಮತ್ತು ಹಾಲ್ಡ್ ಹೆಸರು. ಬೆರ್ಗ್‌ಕ್ವಿಸ್ಟ್ ಹೆಸರು ಗಾಜಿನ ಹುಚ್ಚಿರುವವರಿಗೆ ಮಾತ್ರ ಗೊತ್ತು.

ಗಾಟೆ, ಹಾಲ್ಡ್ ದೊಡ್ಡವರಲ್ಲ ಅಂತ ನಾನು ಖಂಡಿತ ಹೇಳುತ್ತಿಲ್ಲ. ಅವರು ಬರುವ ಮೊದಲು ಅದು ಶಾಯಿ ಬುಡ್ಡಿ, ಬಾಟಲಿ, ಕಿಟಕಿ ಗಾಜು ಮಾಡುತ್ತಿದ್ದ ಜಾಗ. ಕಣ್ಣು ಕೊಟ್ಟವರು ಅವರೇ. ಬೂಡಾದಲ್ಲಿ 1953ರಿಂದ ಕೆಲಸ ಮಾಡಿದ ಎರಿಕ್ ಹೋಗ್ಲುಂಡ್‌ನನ್ನೇ ನೋಡಿ. ತಿಳಿಯಾಗಿ ಹೊಳೆಯುವ ಗಾಜಿನ ಕಾಲದಲ್ಲಿ ಅವನು ಗುಳ್ಳೆ ತುಂಬಿದ, ದಪ್ಪನೆಯ, ಒರಟು ಗಾಜು ಬೇಕು ಅಂದ. ಗುಳ್ಳೆ ಬರದಂತೆ ನೋಡಿಕೊಳ್ಳುವುದನ್ನೇ ಜೀವಮಾನವಿಡೀ ಕಲಿತವರ ಕೈಯಿಂದ ಗುಳ್ಳೆ ಮಾಡಿಸಬೇಕಿತ್ತು. ಆ ಹೂಜಿಗಳನ್ನು ಕಂಡರೆ ನನಗೆ ಇವತ್ತಿಗೂ ಆಸೆ. ಆದರೆ ಕಣ್ಣಿಗೆ ಹೆಸರು ಸಿಕ್ಕಿದ ಹಾಗೆ ಕೈಗೆ ಸಿಗಲಿಲ್ಲ ಅನ್ನುವುದು ನನಗಿರುವ ಬೇಸರ.

ಬೇಸರ ಜಾಸ್ತಿಯಾದದ್ದು ಒರ್ರೆಫೋರ್ಸ್ ಊರಿನಲ್ಲಿ. 2012ರಲ್ಲಿ ಅಲ್ಲಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂತು, ಮರುವರ್ಷ ಕುಲುಮೆ ಆರಿತು. ಆದರೆ ‘ಒರ್ರೆಫೋರ್ಸ್’ ಹೆಸರಿನ ಗಾಜು ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ, ಒರ್ರೆಫೋರ್ಸ್‌ನಲ್ಲಿ ಆಗುವುದಿಲ್ಲ ಅಷ್ಟೇ. ಹೆಸರನ್ನು ಮಾರಬಹುದು, ಕೊಳ್ಳಬಹುದು, ಬೇರೆ ಊರಿಗೆ ಒಯ್ಯಬಹುದು. ನಾಲ್ಕು ಜನ ಮಾತಿಲ್ಲದೆ ಒಟ್ಟಿಗೆ ಓಡಾಡುವ ಆ ತಿಳಿವಳಿಕೆಯನ್ನು ಹಾಗೆ ಒಯ್ಯಲು ಆಗುತ್ತದೆಯೇ? ಕುಲುಮೆ ಆರಿದ ಊರಿನಲ್ಲಿ ಅದು ಎಷ್ಟು ವರ್ಷ ಉಳಿದೀತು?

ಈ ಸೀಮೆಯ ಜನಕ್ಕೆ ಬಿಟ್ಟುಹೋಗುವುದು ಹೊಸದಲ್ಲ. 19ನೇ ಶತಮಾನದ ನಡುವಿನಿಂದ 1930ರವರೆಗೆ ಸುಮಾರು 13 ಲಕ್ಷ ಸ್ವೀಡನ್ನರು ಅಮೆರಿಕಕ್ಕೆ ಹೋದರು. ಸ್ಮೋಲಂಡ್‌ನಿಂದ ಹೋದವರು ಬಹಳ. ಕಲ್ಲು ತುಂಬಿದ ನೆಲ, ಮಕ್ಕಳು ಜಾಸ್ತಿ, 1867ರಿಂದ 69ರವರೆಗೆ ಬರ. ವೆಕ್ಷೊ ಊರಿನಲ್ಲಿ ಈ ವಲಸೆಯದೇ ಒಂದು ಮ್ಯೂಸಿಯಂ ಇದೆ. ಅಲ್ಲೇ ಗಾಜಿನ ಮ್ಯೂಸಿಯಂ ಕೂಡ ಇದೆ. ಎರಡನ್ನೂ ನೋಡಿ. ಊರಿನಲ್ಲಿ ಉಳಿದವರಿಗೆ ಗಾಜಿನ ಕೂಲಿ ಎಂಥ ಆಸರೆಯಾಗಿತ್ತು ಅಂತ ಆಗ ಗೊತ್ತಾಗುತ್ತದೆ.

ಅಲೆಮಾರಿಗಳಿಗೂ ಕಾರ್ಖಾನೆಯೇ ಆಸರೆ. ಕುಲುಮೆ ರಾತ್ರಿಯೂ ಉರಿಯುತ್ತಿದ್ದರಿಂದ ಒಳಗೆ ಬೆಚ್ಚಗಿರುತ್ತಿತ್ತು. ಊರೂರು ಅಲೆದು ಕೂಲಿ ಹುಡುಕುವವರು ಚಳಿಗಾಲದಲ್ಲಿ ಅಲ್ಲಿ ಬಂದು ಮಲಗುತ್ತಿದ್ದರು. ಅವರು ಹೊರಗಿನ ಸುದ್ದಿ ತರುತ್ತಿದ್ದರು, ಕಥೆ ಹೇಳುತ್ತಿದ್ದರು, ಹಾಡುತ್ತಿದ್ದರು. ಊರಿನವರೂ ಬಂದು ಕೂರುತ್ತಿದ್ದರು. ಉಪ್ಪು ಹಾಕಿದ ಹೆರಿಂಗ್ ಮೀನು, ಆಲೂಗಡ್ಡೆಗಳನ್ನು ಅದೇ ಬಿಸಿಯಲ್ಲಿ ಬೇಯಿಸಿಕೊಂಡು ತಿನ್ನುತ್ತಿದ್ದರು. ‘ಹಿಟ್‌ಸಿಲ್’ ಅನ್ನುವ ಈ ರಾತ್ರಿಯೂಟವನ್ನು ಈಗ ಪ್ರವಾಸಿಗರಿಗಾಗಿ ಕಾರ್ಖಾನೆಯ ಒಳಗೇ ಏರ್ಪಡಿಸುತ್ತಾರೆ. ಮೀನು, ಹಂದಿಮಾಂಸ, ಸಾಸೇಜ್ ಎಲ್ಲ ಇರುತ್ತದೆ. ನಾನು ತಿನ್ನುವುದಿಲ್ಲ, ನನ್ನ ತಟ್ಟೆಗೆ ಆಲೂಗಡ್ಡೆ, ಬ್ರೆಡ್ಡು, ಬೆಣ್ಣೆ ಬಂತು. ಕೊನೆಗೆ ಬಂದದ್ದು ಊಸ್ತ್‌ಕಾಕಾ. ಹಾಲನ್ನು ಒಡೆಸಿ, ಮೊಟ್ಟೆ ಬಾದಾಮಿ ಸೇರಿಸಿ ಬೇಯಿಸಿದ್ದು, ಮೇಲೆ ಕೆನೆ ಮತ್ತು ಜಾಮ್. ಬಾಯಿಗಿಟ್ಟರೆ ಥೇಟ್ ನಮ್ಮ ಗಿಣ್ಣು. ತಂಗಿ ಎರಡನೇ ಸಲ ಹಾಕಿಸಿಕೊಂಡಳು. ಅಷ್ಟು ಹೊತ್ತು ನಮಗೆ ಗಾಜು ತೋರಿಸಿದ್ದ ಊದುವವರೊಬ್ಬರು ಪಕ್ಕದ ಬೆಂಚಿನಲ್ಲಿ ಕೂತು ಊಟ ಮಾಡುತ್ತಿದ್ದರು. ತಂಗಿ ಅವರನ್ನು ಸ್ವೀಡಿಷ್‌ನಲ್ಲಿ ಮಾತಾಡಿಸಿದಳು. ಯಾವುದು ಕಷ್ಟದ ಕೆಲಸ ಅಂತ ಕೇಳಿದ್ದಕ್ಕೆ, ಒಂದೇ ಥರದ ನೂರು ಲೋಟ ಮಾಡುವುದು ಅಂದರು.

ಸ್ಮೋಲಂಡ್‌ನಿಂದ ಉತ್ತರಕ್ಕೆ, ಒಂದು ದಿನದ ದಾರಿಯಲ್ಲಿ ದಾಲಾರ್ನಾ ಸೀಮೆ. ನಾವು ನೋಡಿದ ಇಬ್ಬರು ಚಿತ್ರಕಾರರ ಮನೆಗಳು ಇರುವುದು ಅಲ್ಲಿ. ದಾರಿಯುದ್ದಕ್ಕೂ ಮರದ ಮನೆಗಳಿಗೆಲ್ಲ ಒಂದೇ ಕೆಂಪು ಬಣ್ಣ. ಅದು ಬಂದದ್ದು ಫಾಲುನ್ ಊರಿನ ತಾಮ್ರದ ಗಣಿಯಿಂದ. ತಾಮ್ರ ತೆಗೆದು ಉಳಿದ ಕಬ್ಬಿಣಯುಕ್ತ ಮಣ್ಣನ್ನು ಸುಟ್ಟು, ನೀರು, ರೈ ಹಿಟ್ಟು, ಅಗಸೆ ಎಣ್ಣೆ ಹಾಕಿ ಕುದಿಸಿದರೆ ಬಣ್ಣ ರೆಡಿ. ಮರ ಬೇಗ ಕೊಳೆಯದಂತೆ ಅದು ಕಾಯುತ್ತದೆ. ಗಣಿ 1992ರಲ್ಲಿ ನಿಂತಿತು, ಬಣ್ಣ ಇನ್ನೂ ನಡೆಯುತ್ತಿದೆ.

ಫಾಲುನ್‌ನಿಂದ ಸುಮಾರು 13 ಕಿಲೋಮೀಟರ್ ದೂರದ ಸುಂಡ್‌ಬೋರ್ನ್ ಹಳ್ಳಿಯಲ್ಲಿ ಹೊಳೆಯ ದಂಡೆಗೆ ಕಾರ್ಲ್ ಲಾರ್ಸನ್ ಮನೆ. ಸ್ವೀಡನ್ನಿನಲ್ಲಿ ಅವನ ಚಿತ್ರ ನೋಡದವರು ಇರಲಿಕ್ಕಿಲ್ಲ. ಕಿಟಕಿಯ ಬಳಿ ಹೂಕುಂಡ, ಊಟದ ಮೇಜು, ಅಂಗಳದಲ್ಲಿ ಮಕ್ಕಳು, ತಿಳಿಯಾದ ಜಲವರ್ಣ. 1853ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕಡುಬಡತನದಲ್ಲಿ ಹುಟ್ಟಿದವನು. ಅವನು ಬರೆದ ಆ ಬೆಳಕಿನ ಮನೆ, ತಾನು ಚಿಕ್ಕಂದಿನಲ್ಲಿ ಕಾಣದ ಮನೆ. ಈ ಮನೆ ಅವನಿಗೆ ಸಿಕ್ಕಿದ್ದು ಹೆಂಡತಿ ಕಾರಿನ್ ಕಡೆಯಿಂದ. 1888ರಲ್ಲಿ ಅವಳ ತಂದೆ ಕೊಟ್ಟದ್ದು. ಆಗ ಅದೊಂದು ಸಣ್ಣ ಮರದ ಮನೆ. ವರ್ಷ ಕಳೆದಂತೆ ಕೋಣೆಗೆ ಕೋಣೆ ಸೇರಿಸುತ್ತಾ ಬೆಳೆಸಿದರು.

ಬಾಗಿಲ ಮೇಲೆ ಒಂದು ಸ್ವಾಗತದ ಪದ್ಯ ಬರೆದಿದೆ. ತಂಗಿ ಓದಿ ಹೇಳಿದಳು: ಬಾ ಪ್ರಿಯನೇ, ಕಾರ್ಲ್ ಲಾರ್ಸನ್ ಮತ್ತು ಅವನ ಹೆಂಡತಿಯ ಮನೆಗೆ ಸ್ವಾಗತ.

“ಅಕ್ಕಾ, ಅವಳ ಹೆಸರೇ ಇಲ್ವಲ್ಲೇ,” ಅಂದಳು.

ಇಲ್ಲ. ಒಳಗೆ ಹೋದರೆ ಎಲ್ಲ ಕಡೆ ಅವಳೇ.

ಕಾರಿನ್ ಕೂಡ ಕಲಾವಿದೆ. ಸ್ಟಾಕ್‌ಹೋಮ್‌ನ ರಾಯಲ್ ಅಕಾಡೆಮಿಯಲ್ಲಿ ಕಲಿತವಳು. ಫ್ರಾನ್ಸಿನ ಗ್ರೇ ಅನ್ನುವ ಹಳ್ಳಿಯಲ್ಲಿ ನಾರ್ಡಿಕ್ ದೇಶಗಳ ಚಿತ್ರಕಾರರ ಗುಂಪೊಂದಿತ್ತು, ಅಲ್ಲಿ ಇಬ್ಬರೂ ಹತ್ತಿರವಾದರು. 1883ರಲ್ಲಿ ಮದುವೆ. ಎಂಟು ಮಕ್ಕಳು ಹುಟ್ಟಿದರು. ಒಂದು ಮಗು ಹಸುಗೂಸಾಗಿದ್ದಾಗಲೇ ಹೋಯಿತು. ದೊಡ್ಡ ಮಗ ಉಲ್ಫ್ 18ರ ಹರೆಯದಲ್ಲಿ ತೀರಿಕೊಂಡ. ಕಾರಿನ್ ಕುಂಚ ಕೆಳಗಿಟ್ಟಳು. ಆದರೆ ಕೈ ಸುಮ್ನೆ ಕೂರಲಿಲ್ಲ. ಮಗ್ಗಕ್ಕೆ ಕೂತಳು. ಮೇಜಿನ ಹಾಸು, ದಿಂಬು, ಪರದೆ ನೇಯ್ದಳು, ಕುರ್ಚಿ, ಮೇಜು, ಹೂಕುಂಡದ ಸ್ಟ್ಯಾಂಡಿಗೆ ಆಕಾರ ಕೊಟ್ಟಳು. ತನಗೂ ಹೆಣ್ಣುಮಕ್ಕಳಿಗೂ ಮೈಗೆ ಬಿಗಿಯದ ಸಡಿಲ ಉಡುಪು ಹೊಲಿದಳು. ಊಟದ ಕೋಣೆಯಲ್ಲಿ ಬೆಂಕಿ, ನೀರು, ಗಾಳಿ, ಮಣ್ಣು ನಾಲ್ಕನ್ನೂ ತುಂಬಿದ ಅವಳ ಒಂದು ನೇಯ್ಗೆ ಇದೆ. ಬೇರೆಯವರು ಹೂಬಳ್ಳಿ ನೇಯುತ್ತಿದ್ದ ಕಾಲದಲ್ಲಿ ಅವಳು ಗಟ್ಟಿ ಬಣ್ಣದ, ಗಟ್ಟಿ ರೇಖೆಯ ಆಕಾರಗಳನ್ನು ನೇಯ್ದಳು. ಅವಳು ಹೇಳಿ ಮಾಡಿಸಿದ ಒಂದು ತೂಗುಕುರ್ಚಿ ಇದೆ. ಎಷ್ಟು ನೇರ, ಎಷ್ಟು ಸರಳ ಅಂದರೆ, ಇದನ್ನು ನಾನು ಮಾಡಿದೆ ಅಂತ ಹೇಳಿಕೊಳ್ಳಲು ನಾಚಿ ಬಡಗಿ ಅದನ್ನು ಕತ್ತಲಾದ ಮೇಲೆ ತಂದುಕೊಟ್ಟನಂತೆ. ಆ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ.

ಮಹಡಿಯ ಮೇಲೆ ಕಾರ್ಲ್‌ನ ಮಲಗುವ ಕೋಣೆಗೂ ಕಾರಿನ್ ಮತ್ತು ಮಕ್ಕಳ ಕೋಣೆಗೂ ನಡುವೆ ಒಂದು ಪರದೆ ಇದೆ. ಹೆಸರು ‘ಪ್ರೀತಿಯ ಗುಲಾಬಿ’. ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ವಸ್ತು ಅದು. ಕೆಲವು ಕಡೆ ಅವಳು ಹೊಕ್ಕು, ಅಂದರೆ ಅಡ್ಡನೂಲು, ಹಾಕದೆ ಬರೀ ಉದ್ದನೂಲಿನ ಹಾಸನ್ನು ಬಿಟ್ಟಿದ್ದಾಳೆ. ಪರದೆ ಮುಚ್ಚುತ್ತದೆ, ಆದರೆ ಪೂರ್ತಿ ಮುಚ್ಚುವುದಿಲ್ಲ. ಬೆಳಕು ಹಾಯುತ್ತದೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಗೈಡ್ ಜೊತೆ ಗುಂಪಿನಲ್ಲೇ ಹೋಗಬೇಕು. ಗುಂಪು ಮುಂದಿನ ಕೋಣೆಗೆ ಹೋದ ಮೇಲೂ ನಾನು ಅಲ್ಲೇ ಇನ್ನೊಂದು ನಿಮಿಷ ನಿಂತೆ.

ಕಾರ್ಲ್ ಚಿತ್ರಗಳಲ್ಲಿ ನಾವು ಮೆಚ್ಚುವ ಆ ಮನೆ, ಆ ಬಣ್ಣ, ಆ ಕುರ್ಚಿ, ಮಕ್ಕಳ ಬಟ್ಟೆ ಬಹುಪಾಲು ಅವಳು ಮಾಡಿದ್ದು. ಅವನು ಅದನ್ನು ಕಾಗದದ ಮೇಲೆ ತಂದ. ಪುಸ್ತಕಗಳಾಗಿ ಅವು ಮನೆಮನೆಗೆ ಹೋದವು. ಅವನು ಅವಳ ಕೆಲಸವನ್ನು ಕದ್ದ ಅಂತ ನನಗೆ ಅನ್ನಿಸುವುದಿಲ್ಲ. ಅವಳನ್ನು ಅವನು ಮತ್ತೆ ಮತ್ತೆ ಚಿತ್ರಿಸಿದ್ದಾನೆ, ತುಂಬಾ ಪ್ರೀತಿಯಿಂದ. ಅವರಿಬ್ಬರದ್ದು ಗಾಟೆ ಮತ್ತು ಬೆರ್ಗ್‌ಕ್ವಿಸ್ಟ್ ಥರದ್ದೇ ಜೋಡಿ ಕೆಲಸ. 1997ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ನಡೆಸಿದ ದೊಡ್ಡ ಪ್ರದರ್ಶನದಲ್ಲಿ ಇಬ್ಬರ ಹೆಸರನ್ನೂ ಒಟ್ಟಿಗೆ ಹಾಕಿದರು. ಅಷ್ಟು ಹೊತ್ತಿಗೆ ಕಾರಿನ್ ಸತ್ತು 69 ವರ್ಷವಾಗಿತ್ತು.

ಇನ್ನೂ ಮೇಲಕ್ಕೆ ಹೋದರೆ ಸಿಲ್ಯಾನ್ ಸರೋವರದ ದಡದಲ್ಲಿ ಮೂರಾ. ಅಲ್ಲಿ ಆಂಡೆರ್ಸ್ ಸೋರ್ನ್ ಮನೆ. ಸೋರ್ನ್ 1860ರಲ್ಲಿ ಹುಟ್ಟಿದ. ತಾಯಿ ಈ ಹಳ್ಳಿಯವಳು, ಬಿಯರ್ ಕಾರ್ಖಾನೆಯಲ್ಲಿ ಕೂಲಿಗೆ ಹೋದವಳು. ತಂದೆ ಜರ್ಮನಿಯಿಂದ ಬಂದ ಬಿಯರ್ ತಯಾರಕ. ಮದುವೆಯಾಗಿರಲಿಲ್ಲ, ಮಗ ತಂದೆಯನ್ನು ಒಮ್ಮೆಯೂ ನೋಡಲಿಲ್ಲ. ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದ ಆ ಹುಡುಗ ಮುಂದೆ ಕ್ಲೀವ್‌ಲೆಂಡ್, ರೂಸ್‌ವೆಲ್ಟ್, ಟಾಫ್ಟ್ ಮೂವರೂ ಅಮೆರಿಕನ್ ಅಧ್ಯಕ್ಷರ ಚಿತ್ರ ಬರೆದ. ದುಡ್ಡು ಬಂದ ಮೇಲೆ ಅಜ್ಜನ ಹಳೆಯ ಮರದ ಮನೆಯನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ, ಅದರ ಸುತ್ತ ದೊಡ್ಡ ಮನೆ ಬೆಳೆಸಿದ.

ಮನೆ ಭವ್ಯವಾಗಿದೆ, ಬೆಳ್ಳಿ ಸಂಗ್ರಹ ಜೋರಾಗಿದೆ. ಸುಂಡ್‌ಬೋರ್ನ್‌ನಷ್ಟು ಅದು ನನ್ನನ್ನು ಹಿಡಿಯಲಿಲ್ಲ. ಆದರೆ ಅವನ ಹೆಂಡತಿ ಎಮ್ಮಾ ಬಗ್ಗೆ ಹೇಳಲೇಬೇಕು. ಸ್ಟಾಕ್‌ಹೋಮ್‌ನ ಶ್ರೀಮಂತ ಯಹೂದಿ ವರ್ತಕರ ಮನೆ ಹುಡುಗಿ. ಇವನ ಕೈಯಲ್ಲಿ ಕಾಸಿಲ್ಲದಾಗ ಗುಟ್ಟಾಗಿ ನಿಶ್ಚಯ ಮಾಡಿಕೊಂಡು ವರ್ಷಗಟ್ಟಲೆ ಕಾದವಳು. ಅವನು 1920ರಲ್ಲಿ ಹೋದ ಮೇಲೆ ಅವಳು ಇನ್ನೂ 21 ವರ್ಷಕ್ಕೂ ಜಾಸ್ತಿ ಇದ್ದಳು. ಅವನ ಚಿತ್ರಗಳನ್ನು ಕೂಡಿಸಿ, 1939ರಲ್ಲಿ ಮನೆಯ ಪಕ್ಕದಲ್ಲೇ ಮ್ಯೂಸಿಯಂ ತೆರೆಸಿದಳು. ತೀರಿಕೊಂಡಾಗ ಎಲ್ಲವನ್ನೂ ಸರ್ಕಾರಕ್ಕೆ ಬರೆದಿಟ್ಟಿದ್ದಳು. ಅವಳು ಇಲ್ಲದಿದ್ದರೆ ನಾವು ಅಲ್ಲಿ ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ.

ಸೋರ್ನ್ ತನ್ನ ತಾಯಿಯನ್ನು ಮರೆತವನಲ್ಲ. ಕೊಯ್ಲಿನವರಿಗಾಗಿ ಹೊಲದ ಬದಿಯಲ್ಲಿ ಅಡುಗೆ ಮಾಡುತ್ತಾ ಕೂತ ಅವಳ ಚಿತ್ರವನ್ನು 1886ರಲ್ಲಿ ಬರೆದ. 1890ರಲ್ಲಿ ‘ದೊಡ್ಡ ಬಿಯರ್ ಕಾರ್ಖಾನೆ’ ಬರೆದ. ಅದು ಇರುವುದು ಗೋಥೆನ್‌ಬರ್ಗ್‌ನ ಮ್ಯೂಸಿಯಂನಲ್ಲಿ. ಮಬ್ಬು ಬೆಳಕು, ಸಾಲಾಗಿ ಕೂತ ಹೆಂಗಸರು, ಅವರ ಕೈಯಲ್ಲಿ ಗಾಜಿನ ಬಾಟಲಿಗಳು. ತಂಗಿಯ ಮನೆಯಿಂದ ಟ್ರಾಮ್‌ನಲ್ಲಿ ಹೋಗಿಬರುವಷ್ಟು ಹತ್ತಿರ. ಗಾಜಿನ ಊರುಗಳನ್ನು ನೋಡಿ ಬಂದ ಮೇಲೆ ಆ ಚಿತ್ರದಲ್ಲಿ ನನ್ನ ಕಣ್ಣು ಹೋದದ್ದು ಬಾಟಲಿಗಳ ಮೇಲೆ, ಅವುಗಳನ್ನು ಹಿಡಿದ ಕೈಗಳ ಮೇಲೆ.

ಹೋಗುವ ಯೋಚನೆ ಇದ್ದವರಿಗೆ ಒಂದೆರಡು ಮಾತು. ಗಾಜು ಊದುವವರ ಕೆಲಸ ಬೆಳಿಗ್ಗೆ ಬೇಗ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಮುಗಿದುಬಿಡುತ್ತದೆ, ಹಾಗಾಗಿ ಅಂಗಡಿಯನ್ನು ಆಮೇಲೆ ನೋಡಿ, ಮೊದಲು ಕುಲುಮೆಗೆ ಹೋಗಿ. ಅಲ್ಲಿ ಊದುವವರನ್ನು ಮಾತಾಡಿಸಿ, ಖುಷಿಯಿಂದ ಮಾತಾಡುತ್ತಾರೆ. ಗಾಜು ಕೊಳ್ಳುವಾಗ ಇದನ್ನು ಊದಿದವರು ಯಾರು ಅಂತ ಕೇಳಿ. ಸಣ್ಣ ಕಾರ್ಖಾನೆಗಳಲ್ಲಾದರೆ ಕೆಲವು ಸಲ ಆ ಮನುಷ್ಯನನ್ನೇ ಕರೆದು ತೋರಿಸುತ್ತಾರೆ.